ಮಕ್ಕಳು ಮಲಗಿದ ಮೇಲೆ ಎರಡು ಬಾಗಿಲು

ಈಗ ರಾತ್ರಿ 9.30. ಮಕ್ಕಳಿಬ್ಬರೂ ಮಲಗಿದ್ದಾರೆ. ಫ್ರಿಜ್ಜಿನ ಗುಂಯ್ ಅನ್ನೋ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ನಾನು ಅಡುಗೆಮನೆಯಲ್ಲಿ ಸ್ಟೂಲ್ ಮೇಲೆ ನಿಂತು ಕಪಾಟಿನ ಮೊದಲನೇ ಬಾಗಿಲು ಬಿಚ್ಚುತ್ತಿದ್ದೇನೆ. ಒಂದು ಕೈಯಲ್ಲಿ ಸ್ಕ್ರೂ ಡ್ರೈವರ್, ಇನ್ನೊಂದು ಕೈಯಲ್ಲಿ ಬಾಗಿಲಿನ ಭಾರ.

ಈ ವಿಡಿಯೊದಲ್ಲಿ ನೀವು ನೋಡುವುದು ಹಳೇ ಅಡುಗೆಮನೆಯನ್ನು ಕಡಿಮೆ ಖರ್ಚಿನಲ್ಲಿ ಹೊಸದರ ಹಾಗೆ ಮಾಡಿದ ಆರು ವಾರದ ಕೆಲಸ. ಅಂದರೆ ಆರು ವಾರದ ರಾತ್ರಿಗಳು. ಒಂದೊಂದು ರಾತ್ರಿ ಹೆಚ್ಚೆಂದರೆ 40 ನಿಮಿಷ. ನನ್ನ ಹತ್ತಿರ ದುಡ್ಡು ಕಮ್ಮಿ ಇತ್ತು, ನಿಜ. ಆದರೆ ದುಡ್ಡಿಗಿಂತ ಕಮ್ಮಿ ಇದ್ದದ್ದು ಟೈಮು. ಮಕ್ಕಳಿರುವ ಮನೆಯಲ್ಲಿ ಅಡುಗೆಮನೆಗೆ ಒಂದು ದಿನವೂ ರಜೆ ಕೊಡಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಶುರು ಮಾಡುವ ಮೊದಲು ಒಂದು ನಿಯಮ ಹಾಕಿಕೊಂಡೆ. ರಾತ್ರಿ ಏನೇ ಬಿಚ್ಚಿರಲಿ, ಬೆಳಿಗ್ಗೆ ಎದ್ದಾಗ ಒಲೆ ಹಚ್ಚಲು ಆಗಬೇಕು, ಸಿಂಕ್ ಖಾಲಿ ಇರಬೇಕು, ಕಟ್ಟೆಯ ಮೇಲೆ ಬಣ್ಣದ ಡಬ್ಬ ಇರಬಾರದು.

ಈ ನಿಯಮ ಸುಮ್ನೆ ಬಂದದ್ದಲ್ಲ. ಹಿಂದೊಮ್ಮೆ ಒಂದೇ ಶನಿವಾರ ಎಲ್ಲ ಬಾಗಿಲೂ ಬಿಚ್ಚಿ ಹಾಲ್‌ನಲ್ಲಿ ಗೋಡೆಗೆ ಒರಗಿಸಿಟ್ಟಿದ್ದೆ. ಭಾನುವಾರ ಚಿಕ್ಕವನಿಗೆ ಜ್ವರ ಬಂತು. ಆಮೇಲೆ ದೊಡ್ಡವಳಿಗೆ. ಆಮೇಲೆ ನನಗೆ. ಬಾಗಿಲುಗಳು ಮೂರು ವಾರ ಹಾಗೇ ಒರಗಿಕೊಂಡಿದ್ದವು. ಚಿಕ್ಕವನು ಅವುಗಳ ಹಿಂದೆ ಹೋಗಿ ಬಚ್ಚಿಟ್ಟುಕೊಳ್ಳುತ್ತಿದ್ದ, ನನಗೆ ಜೀವ ಬಾಯಿಗೆ ಬರುತ್ತಿತ್ತು. ಕೊನೆಗೆ ಬಣ್ಣ ಹಚ್ಚದೇ ವಾಪಸ್ ಜೋಡಿಸಿಬಿಟ್ಟೆ. ಆದ್ದರಿಂದ ಈ ಸಲ ವಾರಕ್ಕೆ ಎರಡೇ ಹಲಗೆ. ನಮ್ಮಲ್ಲಿ 10 ಬಾಗಿಲು, 2 ಡ್ರಾಯರ್ ಮುಖ ಇವೆ. ಒಟ್ಟು 12, ಆರು ವಾರ. ಲೆಕ್ಕ ಸರಿಹೋಯಿತು.

ಏನನ್ನು ಮುಟ್ಟಬಾರದು ಅನ್ನುವುದನ್ನು ಮೊದಲೇ ಬರೆದಿಟ್ಟುಕೊಂಡೆ. ಸಿಂಕ್ ಇರುವ ಜಾಗ, ನೀರಿನ ಪೈಪು, ಒಲೆಯ ಜಾಗ, ಕಟ್ಟೆಯ ಕಲ್ಲು. ಇವನ್ನು ಕದಲಿಸಿದರೆ ಬಜೆಟ್ ಎಲ್ಲಾ ಅಲ್ಲೇ ಕರಗಿ ಹೋಗುತ್ತದೆ. ಕಪಾಟಿನ ಪೆಟ್ಟಿಗೆ ಗಟ್ಟಿ ಇದ್ದರೆ ಅದನ್ನೂ ಬದಲಿಸಬೇಕಿಲ್ಲ. ಗಟ್ಟಿ ಇದೆಯೋ ಇಲ್ಲವೋ ನೋಡಲು ಸಿಂಕ್ ಕೆಳಗಿನ ತಳವನ್ನು ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಇದ್ದರೆ, ಅಂಚು ಉಬ್ಬಿದ್ದರೆ, ಎಲ್ಲೋ ನೀರು ಸೋರುತ್ತಿದೆ ಅಂತ ಅರ್ಥ. ಮೊದಲು ಆ ಸೋರಿಕೆ ನಿಲ್ಲಿಸಬೇಕು. ಅದರ ಮೇಲೆ ಎಷ್ಟು ಚೆಂದದ ಬಣ್ಣ ಹಚ್ಚಿದರೂ ಉಳಿಯುವುದಿಲ್ಲ.

ಮೊದಲ ರಾತ್ರಿಯ ಕೆಲಸಕ್ಕೆ ಒಂದು ಪೈಸೆಯೂ ಬೇಕಾಗಲಿಲ್ಲ. ಬಾಗಿಲುಗಳು ಸೊಟ್ಟಗಿದ್ದವು. ಒಂದು ಮೇಲೆ, ಒಂದು ಕೆಳಗೆ, ನಡುವೆ ಸಂದು. ನಾನು ಇಷ್ಟು ವರ್ಷ ಅದನ್ನು ಹಳೇ ಕಪಾಟಿನ ಲಕ್ಷಣ ಅಂದುಕೊಂಡಿದ್ದೆ. ಹಿಂಜ್ ಹತ್ತಿರದಿಂದ ತೋರಿಸುತ್ತೇನೆ, ನೋಡಿ. ಒಳಗೆ ಕಾಣದಂತೆ ಕೂರುವ ಈ ಥರದ ಹಿಂಜ್‌ನಲ್ಲಿ ಬೇರೆ ಬೇರೆ ಸ್ಕ್ರೂಗಳಿವೆ. ಒಂದನ್ನು ತಿರುಗಿಸಿದರೆ ಬಾಗಿಲು ಎಡಕ್ಕೋ ಬಲಕ್ಕೋ ಸರಿಯುತ್ತದೆ. ಇನ್ನೊಂದು ಒಳಕ್ಕೆ, ಹೊರಕ್ಕೆ. ಕಪಾಟಿನ ಒಳಬದಿಗೆ ಕೂತಿರುವ ಪ್ಲೇಟಿನ ಸ್ಕ್ರೂ ಸ್ವಲ್ಪ ಸಡಿಲ ಮಾಡಿದರೆ ಮೇಲೆ ಕೆಳಗೆ. ಕಾಲು ಸುತ್ತು ತಿರುಗಿಸಿ, ಬಾಗಿಲು ಮುಚ್ಚಿ ನೋಡಿ, ಮತ್ತೆ ಕಾಲು ಸುತ್ತು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಬಾಗಿಲೂ ಒಂದೇ ಗೆರೆಗೆ ಬಂದವು. ಬೇರೇನೂ ಮಾಡದಿದ್ದರೂ ಇದೊಂದು ಮಾಡಿ. ಅರ್ಧ ಅಡುಗೆಮನೆ ಹೊಸದಾದ ಹಾಗೆ ಕಾಣುತ್ತದೆ.

ಇನ್ನು ಬಣ್ಣದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಾನು ಕಳೆದುಕೊಂಡ ಎರಡು ರಾತ್ರಿ ಇಲ್ಲೇ ಇವೆ.

ನಮ್ಮ ಬಾಗಿಲುಗಳು ಲ್ಯಾಮಿನೇಟ್. ನುಣ್ಣಗೆ, ಹೊಳೆಯುವಂಥದ್ದು. ಮರ ಬಣ್ಣವನ್ನು ಹೀರಿಕೊಳ್ಳುತ್ತದೆ, ಲ್ಯಾಮಿನೇಟ್ ಹೀರುವುದಿಲ್ಲ. ಮೊದಲ ಬಾಗಿಲನ್ನು ನಾನು ಒದ್ದೆ ಬಟ್ಟೆಯಲ್ಲಿ ಒರೆಸಿ, ನೇರ ಬಣ್ಣ ಹಚ್ಚಿದ್ದೆ. ಬೆಳಿಗ್ಗೆ ನೋಡಿದರೆ ಎಷ್ಟು ಚೆಂದ! ಮಗಳನ್ನು ಕರೆದು ತೋರಿಸಿದೆ. ಅವಳು ಅಂಚಿನಲ್ಲಿ ಉಗುರಿನಿಂದ ಮೆಲ್ಲಗೆ ಕೆರೆದಳು. ಬಣ್ಣ ತೆಳುವಾದ ಪ್ಲಾಸ್ಟಿಕ್ ಹಾಳೆಯ ಹಾಗೆ ಎದ್ದು ಬಂತು. "ಅಮ್ಮಾ, ಇದು ಸ್ಟಿಕ್ಕರಾ?" ಅಂದಳು. ಆ ಬಾಗಿಲಿನ ಬಣ್ಣ ಪೂರ್ತಿ ಕಿತ್ತು ತೆಗೆದೆ. ಅವತ್ತೇ ಗೊತ್ತಾಯಿತು, ಕಡಿಮೆ ಖರ್ಚಿನ ಬಣ್ಣ ಬಾಳಿಕೆ ಬರುವುದು ಹಚ್ಚುವ ಮೊದಲು ಏನು ಮಾಡಿದ್ದೇವೆ ಅನ್ನುವುದರ ಮೇಲೆ.

ಮೊದಲು ಜಿಡ್ಡು ತೆಗೆಯಬೇಕು. ಅಡುಗೆಯ ಹಬೆಯ ಜೊತೆ ಎಣ್ಣೆಯ ಹನಿಗಳೂ ಮೇಲೇಳುತ್ತವೆ. ಒಲೆಯ ಸುತ್ತ, ಮೇಲಿನ ಬಾಗಿಲುಗಳ ಕೆಳ ಅಂಚಿನಲ್ಲಿ, ಹಿಡಿಗಳ ಸುತ್ತ ಬಂದು ಕೂರುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಅಂಟುತ್ತದೆ. ಬಿಸಿ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ಒಂದು ಸಲ ತೊಳೆದೆ. ಜಾಸ್ತಿ ಅಂಟು ಇದ್ದ ಕಡೆ ವಾಷಿಂಗ್ ಸೋಡಾ ಕರಗಿಸಿದ ನೀರು. ಅದಕ್ಕೆ ಕೈಗವಸು ಹಾಕಿಕೊಳ್ಳಿ. ಅಲ್ಯೂಮಿನಿಯಂ ಹಿಡಿ ಇದ್ದರೆ ಮೊದಲೇ ಬಿಚ್ಚಿಡಿ, ಸೋಡಾ ತಾಗಿದರೆ ಕಪ್ಪಾಗುತ್ತದೆ. ಆಮೇಲೆ ಬರೀ ನೀರಿನಲ್ಲಿ ಎರಡು ಸಲ ಒರೆಸಿದೆ. ಸೋಪು ಉಳಿದರೂ ಬಣ್ಣ ಹಿಡಿಯುವುದಿಲ್ಲ. ಕೊನೆಗೆ ಒಣಗಿದ ಬಿಳಿ ಬಟ್ಟೆಯಲ್ಲಿ ಒತ್ತಿ ಒರೆಸಿ ನೋಡುವುದು. ಬಟ್ಟೆ ಹಳದಿ ಆದರೆ ಮತ್ತೆ ಮೊದಲಿಂದ. ಒಲೆ ಪಕ್ಕದ ಬಾಗಿಲಿಗೆ ಮೂರು ಸಲ ಬೇಕಾಯಿತು.

ಆಮೇಲೆ ಸ್ಯಾಂಡ್ ಪೇಪರ್. 180 ಅಥವಾ 220 ನಂಬರಿನದು ಸಾಕು. ಮೇಲಿನ ಪದರ ಕಿತ್ತು ಬರುವಷ್ಟು ಉಜ್ಜಬೇಡಿ, ಹೊಳಪು ಹೋಗುವಷ್ಟು ಉಜ್ಜಿ. ಟಾರ್ಚ್ ಅನ್ನು ಓರೆಯಾಗಿ ಹಿಡಿದರೆ ಎಲ್ಲಿ ಇನ್ನೂ ಹೊಳೆಯುತ್ತಿದೆ ಅಂತ ಕಾಣುತ್ತದೆ. ಮಾಸ್ಕ್ ಹಾಕಿಕೊಳ್ಳಿ. ಆದರೆ ನಿಮ್ಮದು ಹಳೇ ಮನೆ, ಕಪಾಟಿಗೆ ಮೊದಲೇ ಹಳೇ ಬಣ್ಣ ಇದೆ ಅಂದರೆ ದಯವಿಟ್ಟು ಒಣ ಉಜ್ಜಬೇಡಿ. ಹಳೇ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ಆ ಪುಡಿ ನೆಲದ ಮೇಲೆ ಬೀಳುತ್ತದೆ, ಮಕ್ಕಳ ಕೈಗೆ ಅಂಟಿ ಬಾಯಿಗೆ ಹೋಗುತ್ತದೆ. ಬೆಳೆಯುವ ಮೆದುಳಿಗೆ ಸೀಸ ತುಂಬಾ ಕೆಟ್ಟದ್ದು. ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಮುಂದಿನ ಮಾತು.

ಪ್ರೈಮರ್‌ನಲ್ಲಿ, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ತಳದ ಕೋಟ್‌ನಲ್ಲಿ, ದುಡ್ಡು ಉಳಿಸಬೇಡಿ. ನನ್ನ ಪಟ್ಟಿಯಲ್ಲಿ ಒಳ್ಳೆಯದನ್ನೇ ಕೊಂಡದ್ದು ಇದೊಂದೇ. ನುಣುಪಾದ ಮೇಲ್ಮೈಗೆ ಹಿಡಿಯುವಂಥ ಪ್ರೈಮರ್, ಬಾಂಡಿಂಗ್ ಪ್ರೈಮರ್ ಅಂತ ಡಬ್ಬದ ಮೇಲೆ ಬರೆದಿರುತ್ತದೆ. ಅದನ್ನು ಹಚ್ಚಿ, ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಒಣಗಿಸಿ, ಬಾಗಿಲಿನ ಹಿಂಭಾಗದ ಒಂದು ಮೂಲೆಯಲ್ಲಿ ಬ್ಲೇಡಿನಿಂದ ಸಣ್ಣದಾಗಿ ಚೌಕಳಿ ಗೆರೆ ಎಳೆದೆ. ಅದರ ಮೇಲೆ ಟೇಪ್ ಅಂಟಿಸಿ, ಚೆನ್ನಾಗಿ ತಿಕ್ಕಿ, ಒಂದೇ ಸಲ ಎಳೆದೆ. ಟೇಪಿಗೆ ಏನೂ ಅಂಟಿ ಬರಲಿಲ್ಲ. ಆ ರಾತ್ರಿ ನಿದ್ದೆ ಚೆನ್ನಾಗಿ ಬಂತು.

ಬಣ್ಣ ನೀರಿನಲ್ಲಿ ಬೆರೆಯುವ ಎನಾಮಲ್. ವಾಸನೆ ಕಮ್ಮಿ, ಬ್ರಷ್ ನೀರಿನಲ್ಲೇ ತೊಳೆಯಬಹುದು. ಎಣ್ಣೆ ಎನಾಮಲ್ ಬಿಳಿ ಬಣ್ಣದಲ್ಲಿ ಬರಬರುತ್ತಾ ಹಳದಿ ತಿರುಗುತ್ತದೆ, ಇದು ಅಷ್ಟು ತಿರುಗುವುದಿಲ್ಲ. ನಾಲ್ಕು ಇಂಚಿನ ಫೋಮ್ ರೋಲರ್, ಮೂಲೆಗಳಿಗೆ ಒಂದು ಸಣ್ಣ ಬ್ರಷ್. ಒಂದು ದಪ್ಪ ಕೋಟ್‌ಗಿಂತ ಎರಡು ತೆಳು ಕೋಟ್ ಯಾವತ್ತೂ ಒಳ್ಳೆಯದು. ಮೊದಲ ಕೋಟ್ ಹಚ್ಚಿದಾಗ ಅಲ್ಲಲ್ಲಿ ಬಿಟ್ಟ ಹಾಗೆ, ಮಚ್ಚೆ ಮಚ್ಚೆಯಾಗಿ ಕಾಣುತ್ತದೆ. ಗಾಬರಿ ಬೇಡ. ಮತ್ತೆ ಮತ್ತೆ ರೋಲರ್ ಆಡಿಸಲು ಕೈ ತುರಿಸುತ್ತದೆ, ಆಡಿಸಬೇಡಿ. ಅರ್ಧ ಒಣಗಿದ ಬಣ್ಣದ ಮೇಲೆ ರೋಲರ್ ಹೋದರೆ ಚರ್ಮ ಸುಲಿದ ಹಾಗೆ ಆಗುತ್ತದೆ.

ಹಲಗೆಗಳನ್ನು ನಾಲ್ಕು ಬಾಟಲಿ ಮುಚ್ಚಳಗಳ ಮೇಲೆ ಮಲಗಿಸಿ ಒಣಗಿಸಿದೆ. ಜಾಗ ಸ್ಟೋರ್ ರೂಮು. ಕಿಟಕಿ ತೆರೆದು, ಬಾಗಿಲಿಗೆ ಚಿಲಕ ಹಾಕಿ. ಸೋಮವಾರ ಬಿಚ್ಚಿ ತೊಳೆಯುವುದು. ಮಂಗಳವಾರ ಉಜ್ಜಿ, ಮುಂಭಾಗಕ್ಕೆ ಪ್ರೈಮರ್. ಬುಧವಾರ ಹಿಂಭಾಗಕ್ಕೆ. ಗುರುವಾರ, ಶುಕ್ರವಾರ ಬಣ್ಣ, ಶನಿವಾರ ಎರಡನೇ ಕೋಟ್. ಭಾನುವಾರ ಮಧ್ಯಾಹ್ನ ಮಕ್ಕಳ ಎದುರಿಗೇ ವಾಪಸ್ ಜೋಡಿಸುವುದು. ಮಗಳ ಕೆಲಸ ಸ್ಕ್ರೂ ಎಣಿಸಿ ಕೊಡುವುದು. ಕೈಗೆ ಒಣಗಿದ ಹಾಗೆ ಕಂಡರೂ ಬಣ್ಣ ಒಳಗಿನಿಂದ ಗಟ್ಟಿಯಾಗಲು ಎರಡರಿಂದ ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಮೆತ್ತನೆ ಬಟ್ಟೆಯಲ್ಲಿ ಮಾತ್ರ ಒರೆಸಿ, ತಿಕ್ಕಬೇಡಿ.

ಒಂದು ಸಣ್ಣ ಉಪಾಯ. ಯಾವ ಬಾಗಿಲು ಯಾವ ಜಾಗದ್ದು ಅಂತ ನಂಬರ್ ಹಾಕಬೇಕಲ್ಲ, ಅದನ್ನು ಟೇಪಿನ ಮೇಲೆ ಬರೆದರೆ ಬಣ್ಣ ಹಚ್ಚುವಾಗ ಕೀಳಲೇಬೇಕು. ಹಿಂಜ್ ಕೂರುವ ಗುಂಡನೆಯ ಗುಳಿ ಇದೆಯಲ್ಲ, ಸಾಮಾನ್ಯವಾಗಿ 35 ಮಿಲಿಮೀಟರ್ ಅಗಲ ಇರುತ್ತದೆ, ಅದರ ತಳದಲ್ಲಿ ಪೆನ್ನಿನಿಂದ ನಂಬರ್ ಬರೆಯಿರಿ. ಅಲ್ಲಿಗೆ ಬಣ್ಣ ಹೋಗುವುದಿಲ್ಲ. ಹಿಂಜ್ ಕೂತ ಮೇಲೆ ಯಾರಿಗೂ ಕಾಣುವುದೂ ಇಲ್ಲ.

ಹಿಡಿಗಳನ್ನು ಬದಲಿಸುವ ಆಸೆ ಇದ್ದರೆ ಕೊಳ್ಳುವ ಮೊದಲು ಹಳೇ ತೂತುಗಳ ನಡುವಿನ ಅಂತರ ಅಳೆಯಿರಿ. ಒಂದು ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ. ಹೆಚ್ಚಾಗಿ 96 ಅಥವಾ 128 ಮಿಲಿಮೀಟರ್ ಇರುತ್ತದೆ. ಅದೇ ಅಳತೆಯ ಹಿಡಿ ತಂದರೆ ಡ್ರಿಲ್ ಮುಟ್ಟುವ ಅಗತ್ಯವೇ ಇಲ್ಲ.

ಗೋಡೆಯ ಟೈಲ್ಸ್ ನಾನು ಬದಲಿಸಲಿಲ್ಲ. ಟೈಲ್ಸ್ ನಡುವಿನ ಗೆರೆ ಕಪ್ಪಾಗಿತ್ತು, ಟೈಲ್ಸ್ ಚೆನ್ನಾಗಿಯೇ ಇದ್ದವು. ಅಡುಗೆ ಸೋಡಾ ಕಲಸಿ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿದೆ, ಅಷ್ಟೇ. ವಿನೆಗರ್ ಹಾಕಬೇಡಿ, ಸಿಮೆಂಟಿನ ಗೆರೆಯನ್ನು ಅದು ಮೆಲ್ಲಗೆ ತಿನ್ನುತ್ತದೆ. ಇನ್ನೊಂದು ಮಾತು. ಬ್ಲೀಚ್ ಜೊತೆ ವಿನೆಗರ್ ಆಗಲಿ, ಅಮೋನಿಯಾ ಇರುವ ಕ್ಲೀನರ್ ಆಗಲಿ ಯಾವತ್ತೂ ಬೆರೆಸಬೇಡಿ. ವಿಷದ ಗಾಳಿ ಬರುತ್ತದೆ. ಅಂಟಿಸುವ ಟೈಲ್ ಸ್ಟಿಕ್ಕರ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಒಲೆಯ ಹಿಂದಿನ ಗೋಡೆಗೆ ನಾನಂತೂ ಅಂಟಿಸುವುದಿಲ್ಲ. ಬಿಸಿಗೆ ಅಂಟು ಬಿಡುತ್ತದೆ, ಬೆಂಕಿಯ ಹತ್ತಿರ ಅದು ಬೇಡ.

ಸಿಂಕಿನ ಸುತ್ತ ಹಳೇ ಸಿಲಿಕೋನ್ ಕೆರೆದು ಹೊಸದು ಎಳೆದದ್ದು ಒಂದು ಶನಿವಾರ ರಾತ್ರಿ. 24 ಗಂಟೆ ನೀರು ಬೀಳಬಾರದು. ನನ್ನ ನಿಯಮಕ್ಕೆ ಬೇಕೆಂದೇ ಕೊಟ್ಟ ಒಂದೇ ವಿನಾಯಿತಿ ಅದು. ಆ ಭಾನುವಾರ ಪಾತ್ರೆಗಳನ್ನು ಬಚ್ಚಲಿನಲ್ಲಿ ತೊಳೆದೆವು.

ಈಗ ಬೆಳಕು. ಇದು ನನಗೆ ತುಂಬಾ ಇಷ್ಟವಾದ ಭಾಗ. ಅಡುಗೆಮನೆಯ ದೀಪ ಚಾವಣಿಯ ನಡುವೆ ಇದೆ. ಕಟ್ಟೆಯ ಹತ್ತಿರ ನಿಂತರೆ ಬೆಳಕು ಬೆನ್ನಿಗೆ ಬೀಳುತ್ತದೆ, ಹೆಚ್ಚುವ ಮಣೆಯ ಮೇಲೆ ನನ್ನದೇ ನೆರಳು. ಇಷ್ಟು ದಿನ ನಾನು ಚಾಕುವಿನ ತುದಿಯನ್ನು ನೆರಳಿನಲ್ಲೇ ನೋಡುತ್ತಿದ್ದೆ. ಮೇಲಿನ ಕಪಾಟಿನ ಕೆಳಗೆ, ಗೋಡೆಯ ಕಡೆ ಅಲ್ಲ, ಮುಂದಿನ ಅಂಚಿನ ಕಡೆ ಎಲ್‌ಇಡಿ ಪಟ್ಟಿ ಅಂಟಿಸಿದೆ. ಪ್ಲಗ್‌ಗೆ ಹಾಕುವಂಥದ್ದು. ಗೋಡೆಯೊಳಗಿನ ವೈರಿಂಗ್ ಮುಟ್ಟುವ ಕೆಲಸ ಎಲೆಕ್ಟ್ರಿಷಿಯನ್‌ದು, ನನ್ನದಲ್ಲ. ಪ್ಯಾಕೆಟ್ ಮೇಲೆ ಕೆಲ್ವಿನ್ ಲೆಕ್ಕ ಇರುತ್ತದೆ. 2700 ಅಂದರೆ ಬೆಚ್ಚಗಿನ ಹಳದಿ, 6500 ಅಂದರೆ ನೀಲಿ ಬೆರೆತ ಬಿಳಿ. ನಾನು ನಡುವಿನ 4000 ತಂದೆ. ಸಿಆರ್‌ಐ, ಅಂದರೆ ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆ, 90ಕ್ಕಿಂತ ಜಾಸ್ತಿ ಇದ್ದರೆ ತರಕಾರಿ ಬಾಡಿದೆಯೋ ತಾಜಾ ಇದೆಯೋ ಸರಿಯಾಗಿ ಕಾಣುತ್ತದೆ. ಮೊದಲ ಸಲ ಹಾಕಿದಾಗ ನಮ್ಮ ಮನೆಯವರು ಬಂದು ನಿಂತು, "ಕಟ್ಟೆ ಕಲ್ಲಿನಲ್ಲಿ ಇಷ್ಟು ಚುಕ್ಕೆ ಇತ್ತಾ?" ಅಂದರು.

ಕೆಳಗಿನ ಡ್ರಾಯರ್ ಮಕ್ಕಳಿಗೆ ಬಿಟ್ಟುಕೊಟ್ಟೆ. ಅವರ ತಟ್ಟೆ, ಲೋಟ, ಊಟದ ಡಬ್ಬಿ ಎಲ್ಲ ಅಲ್ಲೇ. ಚಾಕುಗಳು ಮೇಲಿನ ಕಪಾಟಿಗೆ ಹೋದವು. ಸೋಪು, ಕ್ಲೀನರ್ ಇರುವ ಸಿಂಕ್ ಕೆಳಗಿನ ಬಾಗಿಲಿಗೆ ಮ್ಯಾಗ್ನೆಟ್ ಲಾಕ್. ಮೂರು ವರ್ಷದವನು ಈಗ ತನ್ನ ಲೋಟ ತಾನೇ ತೆಗೆದುಕೊಳ್ಳುತ್ತಾನೆ. ಬೆಳಿಗ್ಗೆ ಹೊತ್ತಿನಲ್ಲಿ "ಅಮ್ಮಾ, ಲೋಟ" ಅನ್ನುವ ಕೂಗು ನಿಂತದ್ದು ಈ ಕೆಲಸದಲ್ಲಿ ನನಗೆ ಸಿಕ್ಕ ದೊಡ್ಡ ಲಾಭ. ನಿಮ್ಮ ಮನೆಯಲ್ಲೂ ದಿನಕ್ಕೆ ಹತ್ತು ಸಲ ಕೇಳುವ ಒಂದು ಕೂಗು ಇರುತ್ತದೆ. ಬಣ್ಣ ಆರಿಸುವ ಮೊದಲು ಅದು ಯಾವುದು ಅಂತ ನೋಡಿಕೊಳ್ಳಿ.

ಈಗ ತೋರಿಸುತ್ತಿರುವುದು ನಿನ್ನೆ ರಾತ್ರಿ. ಭಾನುವಾರ ಮಧ್ಯಾಹ್ನ ನೆಂಟರು ಬಂದಿದ್ದರಿಂದ ಕೊನೆಯ ಎರಡು ಬಾಗಿಲು ರಾತ್ರಿಗೆ ಉಳಿದಿದ್ದವು. ಹಿಂಜ್ ಗುಳಿಯ ತಳದಲ್ಲಿ ನನ್ನ ಕೈಬರಹ, 12. ಅದರ ಮೇಲೆ ಹಿಂಜ್ ಕೂರಿಸುತ್ತಿದ್ದೇನೆ. ಎರಡು ಸ್ಕ್ರೂ. ಒಂದು ಬಿಗಿಯಾಯಿತು. ಇನ್ನೊಂದೂ ಆಯಿತು. ಒಳ ಅಂಚಿನ ಎರಡು ಮೂಲೆಗೆ ರಬ್ಬರ್ ಬಿಲ್ಲೆ ಅಂಟಿಸಿ, ಮೆಲ್ಲಗೆ ತಳ್ಳುತ್ತಿದ್ದೇನೆ. ಬಾಗಿಲು ಮುಚ್ಚಿಕೊಂಡಿತು. ಒಳಗೆ ಮಲಗಿದ್ದ ಮಕ್ಕಳಿಗೆ ಸದ್ದು ಕೇಳಿಸಲಿಲ್ಲ.