ಮೊದಲು ತಟ್ಟೆ, ಆಮೇಲೆ ಮಾತ್ರೆ ಡಬ್ಬಿ

ನಮಸ್ಕಾರ, ಬನ್ನಿ ಬನ್ನಿ. ಯಾವ ಸಪ್ಲಿಮೆಂಟ್ ಒಳ್ಳೆಯದು, ಯಾವ ಪುಡಿ ತಗೊಳ್ಳಲಿ ಅಂತ ತುಂಬಾ ಜನ ಕೇಳುತ್ತಿದ್ದೀರಿ. ಹೇಳುತ್ತೇನೆ. ಆದರೆ ಅಡುಗೆ ಮಾಡುತ್ತಾ ಹೇಳುತ್ತೇನೆ, ಯಾಕೆಂದರೆ ಅರ್ಧ ಉತ್ತರ ಈ ಒಲೆಯ ಮುಂದೆಯೇ ಇದೆ.

ಸೊಪ್ಪಿನ ಕೆಲಸ ನೋಡುತ್ತಾ ಇರಿ. ಸೊಪ್ಪಿನಲ್ಲಿ, ಕಾಳಿನಲ್ಲಿ ಕಬ್ಬಿಣದ ಅಂಶ ಇದೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ. ಮಾಂಸದ ಕಬ್ಬಿಣ ಸುಲಭವಾಗಿ ರಕ್ತಕ್ಕೆ ಸೇರುತ್ತದೆ, ಸೊಪ್ಪು ಕಾಳಿನದ್ದು ಅಷ್ಟು ಸುಲಭಕ್ಕೆ ಸೇರುವುದಿಲ್ಲ. ಜೊತೆಗೆ ವಿಟಮಿನ್ ಸಿ ಇದ್ದರೆ ಜಾಸ್ತಿ ಸೇರುತ್ತದೆ. ಅದಕ್ಕೇ ಈ ನಿಂಬೆಹಣ್ಣು. ಒಲೆ ಆರಿಸಿದ ಮೇಲೆ ಹಿಂಡುತ್ತಿದ್ದೇನೆ, ಗಮನಿಸಿ. ಕುದಿಯುವಾಗಲೇ ಹಾಕಿದರೆ ವಿಟಮಿನ್ ಸಿ ಒಂದಷ್ಟು ಬಿಸಿಗೆ ಹೋಗಿಬಿಡುತ್ತದೆ. ಇನ್ನು ಊಟ ಮುಗಿದ ತಕ್ಷಣ ಟೀ, ಕಾಫಿ ಕುಡಿಯುತ್ತೀರಲ್ಲ, ದಯವಿಟ್ಟು ಒಂದು ಗಂಟೆ ತಡೆಯಿರಿ. ಅದರಲ್ಲಿರುವ ಒಗರು ವಸ್ತುಗಳು, ಅಂದರೆ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಹಿಡಿದುಕೊಂಡು ಒಳಗೆ ಹೋಗಲು ಬಿಡುವುದಿಲ್ಲ. ಖರ್ಚಿಲ್ಲದ ಬದಲಾವಣೆ ಇದು, ಅಲ್ವಾ?

ನಿಂಬೆ ಅಂದಾಗಲೆಲ್ಲ ನನಗೆ ಹಳೆಯ ಹಡಗಿನವರ ನೆನಪಾಗುತ್ತದೆ. ತಿಂಗಳುಗಟ್ಟಲೆ ಸಮುದ್ರದಲ್ಲಿ ಇದ್ದವರಿಗೆ ವಸಡಿನಲ್ಲಿ ರಕ್ತ ಬರುತ್ತಿತ್ತು, ಹಲ್ಲು ಬೀಳುತ್ತಿತ್ತು, ಸಾಯುತ್ತಿದ್ದರು. ಸ್ಕರ್ವಿ, ಅಂದರೆ ವಿಟಮಿನ್ ಸಿ ಕೊರತೆಯ ರೋಗ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 12 ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದು ಜೋಡಿಗೆ ವಿನೆಗರ್, ಇನ್ನೊಂದಕ್ಕೆ ಸಮುದ್ರದ ನೀರು, ಹೀಗೆ ಬೇರೆ ಬೇರೆ. ಕಿತ್ತಳೆ ಮತ್ತು ನಿಂಬೆ ಸಿಕ್ಕಿದ ಜೋಡಿ ಎಲ್ಲರಿಗಿಂತ ಬೇಗ ಚೇತರಿಸಿಕೊಂಡಿತು. ಆದರೂ ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಎಲ್ಲರಿಗೂ ಕೊಡಲು ಶುರು ಮಾಡಿದ್ದು 1795ರಲ್ಲಿ. ಹತ್ತಿರ ಹತ್ತಿರ ಐವತ್ತು ವರ್ಷ! ಉತ್ತರ ಕೈಯಲ್ಲೇ ಇತ್ತು, ಜನ ಸಾಯುತ್ತಲೇ ಇದ್ದರು. ಇದನ್ನು ಓದಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಅಯ್ಯೋ, ಸೊಪ್ಪಿನ ಶಾಟ್ ಮುಗಿದೇ ಹೋಯಿತು, ಮುಂದಕ್ಕೆ ಹೋಗೋಣ.

ಕ್ಯಾರೆಟ್. ಎಣ್ಣೆ ಹಾಕಿದ್ದಕ್ಕೆ ಮುಖ ಸಿಂಡರಿಸಬೇಡಿ. ಕ್ಯಾರೆಟ್‌ನ ಕಿತ್ತಳೆ ಬಣ್ಣ ಬೀಟಾ ಕ್ಯಾರೋಟಿನ್‌ನದ್ದು, ದೇಹ ಅದನ್ನೇ ವಿಟಮಿನ್ ಎ ಮಾಡಿಕೊಳ್ಳುತ್ತದೆ. ಅದು ಕೊಬ್ಬಿನಲ್ಲಿ ಕರಗುವಂಥದ್ದು. ಒಂದು ಚಮಚ ಎಣ್ಣೆ ಇದ್ದರೆ, ಸ್ವಲ್ಪ ಬೇಯಿಸಿದರೆ, ಹಸಿಯಾಗಿ ತಿನ್ನುವುದಕ್ಕಿಂತ ಚೆನ್ನಾಗಿ ಒಳಗೆ ಸೇರುತ್ತದೆ. ಎಣ್ಣೆಯೇ ಇಲ್ಲದ ಸಲಾಡ್ ಆರೋಗ್ಯಕ್ಕೆ ತುಂಬಾ ಒಳ್ಳೆಯದು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಬೀಟಾ ಕ್ಯಾರೋಟಿನ್ ಮಾತ್ರೆಯನ್ನೇ ನುಂಗಿದರೆ ಇನ್ನೂ ಒಳ್ಳೆಯದಲ್ಲವೇ? ಇಲ್ಲ. ಫಿನ್‌ಲ್ಯಾಂಡಿನಲ್ಲಿ ಸಿಗರೇಟ್ ಸೇದುವ 29 ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಕೊಟ್ಟರೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗಬಹುದು ಅಂತ ಅಂದುಕೊಂಡಿದ್ದರು. 1994ರಲ್ಲಿ ಫಲಿತಾಂಶ ಬಂತು. ಮಾತ್ರೆ ತಗೊಂಡವರಲ್ಲಿ ಕ್ಯಾನ್ಸರ್ 18 ಪರ್ಸೆಂಟ್ ಜಾಸ್ತಿ. ತರಕಾರಿಯಲ್ಲಿ ಇರುವ ವಸ್ತುವೇ ಅದು, ಆದರೆ ಒಂಟಿಯಾಗಿ, ಅಷ್ಟು ಪ್ರಮಾಣದಲ್ಲಿ, ಆ ಜನರ ಮೈಯಲ್ಲಿ ಬೇರೆಯೇ ಕೆಲಸ ಮಾಡಿತು. ಸಿಗರೇಟ್ ಸೇದುವವರು ಇದನ್ನು ನೋಡುತ್ತಿದ್ದರೆ, ದಯವಿಟ್ಟು ಆ ಮಾತ್ರೆಯ ಕಡೆ ಹೋಗಬೇಡಿ. ಕ್ಯಾರೆಟ್ ತಿನ್ನಿ.

ಮಿಕ್ಸಿ ಸದ್ದನ್ನು ತೆಗೆದಿದ್ದೇನೆ, ನಿಮ್ಮ ಕಿವಿಗೆ ಕಷ್ಟ ಬೇಡ. ಇದು ಅಗಸೆ ಬೀಜ. ಇಡೀ ಬೀಜ ನುಂಗಿದರೆ ಹೊರಗಿನ ಗಟ್ಟಿ ಸಿಪ್ಪೆಯ ಸಮೇತ ಹಾಗೆಯೇ ಆಚೆ ಹೋಗುತ್ತದೆ. ಪುಡಿ ಮಾಡಲೇಬೇಕು. ಪುಡಿ ಮಾಡಿದರೆ ಅದರಲ್ಲಿರುವ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಗಾಳಿಗೆ ಬೇಗ ಕೆಡುತ್ತದೆ. ಅದಕ್ಕೆ ಸ್ವಲ್ಪ ಸ್ವಲ್ಪವೇ ಪುಡಿ ಮಾಡಿ, ಮುಚ್ಚಳ ಬಿಗಿ ಮಾಡಿ, ಫ್ರಿಜ್‌ನಲ್ಲಿ ಇಡುವುದು. ಮೀನಿನಲ್ಲಿ ಸಿಗುವ ಒಮೆಗಾ-3 ಬೇರೆ ಬಗೆಯದ್ದು. ಅಗಸೆಯದ್ದನ್ನು ದೇಹ ಅದಕ್ಕೆ ಬದಲಾಯಿಸಿಕೊಳ್ಳುವುದು ತುಂಬಾ ಕಡಿಮೆ. ಹಾಗಂತ ಅಗಸೆ ಬಿಡಬೇಡಿ, ನಾರಿನಂಶಕ್ಕೆ ಅದು ಬಹಳ ಒಳ್ಳೆಯದು. ನೀರು ಮಾತ್ರ ಚೆನ್ನಾಗಿ ಕುಡಿಯಬೇಕು.

ಬೆಳ್ಳುಳ್ಳಿ ಜಜ್ಜಿ ಪಕ್ಕಕ್ಕೆ ಇಟ್ಟೆ, ನೋಡಿದಿರಾ? ಮರೆತು ಇಟ್ಟಿದ್ದಲ್ಲ. ಜಜ್ಜಿದಾಗ ಅದರೊಳಗಿನ ಎಂಜೈಮ್ ಆಲಿಸಿನ್ ಎಂಬ ವಸ್ತುವನ್ನು ತಯಾರಿಸುತ್ತದೆ, ಆ ಘಾಟು ವಾಸನೆ ಅದರದ್ದೇ. ನೇರವಾಗಿ ಬಿಸಿ ಎಣ್ಣೆಗೆ ಹಾಕಿದರೆ ಎಂಜೈಮ್ ಕೆಲಸ ಮಾಡುವ ಮೊದಲೇ ಸುಟ್ಟು ಹೋಗುತ್ತದೆ. ಹತ್ತು ನಿಮಿಷ ಬಿಡಿ, ಆಮೇಲೆ ಹಾಕಿ. ಅಷ್ಟೇ.

ಈಗ ಬಂತು ಈ ಡಬ್ಬಿ. ಹೆಸರು ಮುಚ್ಚಿದ್ದೇನೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಯಾಕೆಂದರೆ ನನಗೆ ನಿಜವಾಗಿಯೂ ಸಿಟ್ಟು ಬಂದಿದೆ.

ಮುಂದೆ ದೊಡ್ಡ ಅಕ್ಷರ, ನೂರಕ್ಕೆ ನೂರು ನ್ಯಾಚುರಲ್. ಹಸಿರು ಎಲೆಯ ಚಿತ್ರ. ಹಿಂದೆ ತಿರುಗಿಸಿದರೆ ಅಕ್ಷರ ಎಷ್ಟು ಸಣ್ಣದು ಅಂದರೆ ಕ್ಯಾಮೆರಾ ಝೂಮ್ ಮಾಡಿ ಓದಬೇಕಾಯಿತು. ಅಲ್ಲಿ ಬರೆದಿರುವುದು ಪ್ರೊಪ್ರೈಟರಿ ಬ್ಲೆಂಡ್, ಅಂದರೆ ಕಂಪನಿಯದ್ದೇ ಆದ ಮಿಶ್ರಣ, 600 ಮಿಲಿಗ್ರಾಂ. ಕೆಳಗೆ ಅರಿಶಿನ, ಶುಂಠಿ, ಬೆಳ್ಳುಳ್ಳಿ, ಗ್ರೀನ್ ಟೀ, ಇನ್ನೂ ಏನೇನೋ ಹೆಸರುಗಳ ಸಾಲು. ಯಾವುದು ಎಷ್ಟಿದೆ? ಅದು ಮಾತ್ರ ಇಲ್ಲ. ಎಲ್ಲ ಸೇರಿ 600. ಒಂದೊಂದರ ಪಾಲು ಎಷ್ಟು ಅಂತ ನಾವು ಊಹಿಸಿಕೊಳ್ಳಬೇಕು. ಸಾಲದ್ದಕ್ಕೆ ಆ 600 ಒಂದು ಕ್ಯಾಪ್ಸೂಲಿಗೆ ಅಲ್ಲ, ಒಂದು ಸರ್ವಿಂಗಿಗೆ. ಸರ್ವಿಂಗ್ ಅಂದರೆ ಮೂರು ಕ್ಯಾಪ್ಸೂಲ್. ಅದು ಇನ್ನೊಂದು ಮೂಲೆಯಲ್ಲಿದೆ. ಅಂದರೆ ಡಬ್ಬಿ ನಾವು ಅಂದುಕೊಂಡದ್ದರ ಮೂರನೇ ಒಂದು ಭಾಗದಷ್ಟು ದಿನಗಳಲ್ಲೇ ಖಾಲಿ. ಗ್ರಾಹಕ ಸೇವೆಗೆ ಬರೆದು ಕೇಳಿದೆ. ನಮ್ಮ ಫಾರ್ಮುಲಾ ಗುಟ್ಟಿನದು, ಹೇಳಲು ಆಗುವುದಿಲ್ಲ ಅಂತ ಉತ್ತರ. ನುಂಗುವವರಿಗೇ ಹೇಳದಿರುವ ಗುಟ್ಟು ಎಂಥದ್ದು? ಮೈಯೊಳಗೆ ಹೋಗುವ ವಸ್ತು ಎಷ್ಟಿದೆ ಅಂತ ತಿಳಿಯುವುದು ನಮ್ಮ ಹಕ್ಕು. ಪ್ರಮಾಣ ಹೇಳದ ಡಬ್ಬಿಯನ್ನು ತಗೊಳ್ಳಿ ಅಂತ ನಾನಂತೂ ಯಾರಿಗೂ ಹೇಳುವುದಿಲ್ಲ.

ಇನ್ನೊಂದು ಲೆಕ್ಕ ತೋರಿಸುತ್ತೇನೆ, ಪೇಪರ್ ಮೇಲೆ ಬರೆದಿದ್ದೇನೆ ನೋಡಿ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ವಸ್ತು ಕರ್ಕ್ಯುಮಿನ್, ಪುಡಿಯಲ್ಲಿ ಅದು ಸುಮಾರು 3 ಪರ್ಸೆಂಟ್. ಲೇಬಲ್ ಮೇಲೆ ಅರಿಶಿನ ಪುಡಿ 500 ಮಿಲಿಗ್ರಾಂ ಅಂತ ಇದ್ದರೆ ಒಳಗಿರುವ ಕರ್ಕ್ಯುಮಿನ್ ಬರೀ 15 ಮಿಲಿಗ್ರಾಂ. ಕರ್ಕ್ಯುಮಿನ್ ಬೇರ್ಪಡಿಸಿ ಗಟ್ಟಿ ಮಾಡಿದ 95 ಪರ್ಸೆಂಟ್ ಎಕ್ಸ್‌ಟ್ರ್ಯಾಕ್ಟ್ 500 ಮಿಲಿಗ್ರಾಂ ಅಂತ ಇದ್ದರೆ 475. ಎರಡು ಡಬ್ಬಿಯ ಮೇಲೂ ಅದೇ ಹಳದಿ ಚಿತ್ರ, ಅದೇ 500. ಒಳಗಿನದ್ದರಲ್ಲಿ ಮೂವತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಪುಡಿ ಮಾತ್ರ ಇರುವ ಕ್ಯಾಪ್ಸೂಲ್‌ಗೆ ದುಡ್ಡು ಕೊಡುವ ಬದಲು ಅಡುಗೆಗೆ ಅರಿಶಿನ ಹಾಕಿ, ಮುಗಿಯಿತು.

ಇನ್ನು ಮೆಣಸಿನ ವಿಷಯ. ಕರ್ಕ್ಯುಮಿನ್ ಒಂದೇ ಇದ್ದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಮಾಡಿದ್ದು, 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಅದು ರಕ್ತಕ್ಕೆ ಸೇರುವುದು 20 ಪಟ್ಟು ಹೆಚ್ಚಿತು. ಡಬ್ಬಿಗಳ ಮೇಲೆ 2000 ಪರ್ಸೆಂಟ್ ಅಂತ ಹಾಕುತ್ತಾರಲ್ಲ, ಅದು ಇಲ್ಲಿಂದ ಬಂದದ್ದು. ಸಂಖ್ಯೆ ಸುಳ್ಳಲ್ಲ. ಆದರೆ ಅದರ ಇನ್ನೊಂದು ಮುಖವನ್ನು ಯಾರೂ ದೊಡ್ಡ ಅಕ್ಷರದಲ್ಲಿ ಹಾಕುವುದಿಲ್ಲ. ಪೈಪರಿನ್ ಬೇರೆ ಔಷಧಿಗಳನ್ನು ದೇಹ ಒಡೆದು ಹೊರಹಾಕುವುದನ್ನೂ ನಿಧಾನ ಮಾಡಬಲ್ಲದು. ಅರಿಶಿನದ ಜೋರು ಎಕ್ಸ್‌ಟ್ರ್ಯಾಕ್ಟ್ ತಗೊಂಡ ಕೆಲವರಿಗೆ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ, ಅದರಲ್ಲಿ ಮೆಣಸು ಸೇರಿಸಿದ ಕ್ಯಾಪ್ಸೂಲ್‌ಗಳೂ ಇವೆ. ಅಡುಗೆಯ ಚಿಟಿಕೆ ಅರಿಶಿನಕ್ಕೆ, ಚಿಟಿಕೆ ಮೆಣಸಿಗೆ ಹೆದರಬೇಕಾಗಿಲ್ಲ. ಕಣ್ಣು ಹಳದಿಯಾದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ಕ್ಯಾಪ್ಸೂಲ್ ನಿಲ್ಲಿಸಿ ಆವತ್ತೇ ಡಾಕ್ಟರ್ ಹತ್ತಿರ ಹೋಗಿ.

ಗಿಡದಿಂದ ಬಂದದ್ದು ಅಂದ ಮಾತ್ರಕ್ಕೆ ತೊಂದರೆ ಇಲ್ಲ ಅನ್ನುವುದು ತಪ್ಪು. ಜ್ಯೇಷ್ಠಮಧು ಸಿಹಿ ಬೇರು, ಗಂಟಲಿಗೆ ಹಿತ. ಆದರೆ ದಿನಾ ಜಾಸ್ತಿ ತಿಂದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ವಾರ್ಫರಿನ್ ಎಂಬ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೆ ಸೊಪ್ಪು ತಿನ್ನುವುದರಲ್ಲೂ ಲೆಕ್ಕ ಬೇಕು. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಗೆ ಎದುರು ಕೆಲಸ ಮಾಡುತ್ತದೆ. ಸೊಪ್ಪು ಬಿಡಬೇಕು ಅಂತಲ್ಲ, ದಿನವೂ ಹೆಚ್ಚು ಕಡಿಮೆ ಅಷ್ಟೇ ಪ್ರಮಾಣದಲ್ಲಿ ತಿನ್ನಬೇಕು.

ಇಷ್ಟು ಹೊತ್ತು ಡಬ್ಬಿಗಳನ್ನು ಬೈದೆ. ಈಗ ಪಕ್ಷ ಬದಲಿಸುತ್ತೇನೆ. ವಿಟಮಿನ್ ಬಿ12 ವಿಷಯದಲ್ಲಿ ನಾನು ಮಾತ್ರೆಯ ಕಡೆ. ಹಾಲು, ಮೊಟ್ಟೆ, ಮೀನು, ಮಾಂಸ ಏನೂ ತಿನ್ನದವರಿಗೆ ಸೊಪ್ಪು ತರಕಾರಿಯಿಂದ ಅದು ನಂಬಿಕೊಳ್ಳುವಷ್ಟು ಸಿಗುವುದಿಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 2.4 ಮೈಕ್ರೋಗ್ರಾಂ ಅಷ್ಟೇ, ಆದರೆ ಅದು ಇಲ್ಲದೆ ವರ್ಷಗಟ್ಟಲೆ ಹೋದರೆ ನರಗಳಿಗೆ ಪೆಟ್ಟು. ಕೈಕಾಲು ಜೋಮು, ಸುಸ್ತು, ಮರೆವು. ಅಂಥವರಿಗೆ ಸುಮ್ನೆ ಸೊಪ್ಪು ತಿನ್ನಿ ಅನ್ನುವುದು ಅನ್ಯಾಯ. ವಿಟಮಿನ್ ಡಿ ಕೂಡ ಹಾಗೆಯೇ, ಬಿಸಿಲು ಕಾಣದವರಿಗೆ ಊಟದಿಂದ ಪೂರ್ತಿ ಸಿಗುವುದು ಕಷ್ಟ. ಆದರೆ ಅದು ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಉಳಿಯುತ್ತದೆ. ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಕುತ್ತು. ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ್ ಹೇಳಿದ ಪ್ರಮಾಣದಲ್ಲಿ, ಹೊಟ್ಟೆ ತುಂಬಾ ಊಟ ಮಾಡಿದ ಮೇಲೆ ತಗೊಳ್ಳಿ. ಗರ್ಭಿಣಿಯರಿಗೆ ಫೋಲಿಕ್ ಆಸಿಡ್ ಕೊಡುತ್ತಾರಲ್ಲ, ಅದನ್ನು ಯಾರ ಮಾತು ಕೇಳಿಯೂ ಬಿಡಬೇಡಿ.

ಬಡಿಸುವ ಶಾಟ್ ಬಂತು. ಡಾಕ್ಟರ್ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಡಬ್ಬಿಗಳ ಹಿಂಬದಿಯ ಫೋಟೋ ಫೋನಿನಲ್ಲಿ ಇಟ್ಟುಕೊಂಡು ಹೋಗಿ, ಪುಡಿ, ಕಷಾಯದ್ದೂ ಸೇರಿಸಿ. ಮುಂದಿನ ವಿಡಿಯೋದಲ್ಲಿ ಕಾಳು ನೆನೆಸಿ ಮೊಳಕೆ ಬರಿಸುವುದು. ನಿಮ್ಮ ಮನೆಯ ಡಬ್ಬಿಯಲ್ಲೂ ಈ ಬ್ಲೆಂಡ್ ಎಂಬ ಸಾಲು ಇದ್ದರೆ ಕಾಮೆಂಟ್‌ನಲ್ಲಿ ಬರೆಯಿರಿ, ಅದನ್ನೂ ಕೂತು ಓದೋಣ.