ಜ್ವರ ಇಳಿಯಿತು, ಅಜ್ಜಿ ಏಳಲಿಲ್ಲ

ನಮಸ್ಕಾರ. ಇವತ್ತಿನ ಮಾತು ಹಾಸಿಗೆಯ ಬಗ್ಗೆ. ಆಸ್ಪತ್ರೆಯ ಹಾಸಿಗೆ.

ನಮ್ಮಜ್ಜಿ ನ್ಯುಮೋನಿಯಾ ಅಂತ ಅಡ್ಮಿಟ್ ಆದಾಗ ಅವರಿಗೆ 82. ವಾರ್ಡಿಗೆ ನಡೆದುಕೊಂಡೇ ಹೋದರು. ಸ್ವಲ್ಪ ಏದುಸಿರು ಇತ್ತು, ಅಷ್ಟೇ. 11 ದಿನ ಆದ ಮೇಲೆ ಡಿಸ್ಚಾರ್ಜ್. ಜ್ವರ ಇಳಿದಿತ್ತು, ಕಫ ಕರಗಿತ್ತು, ಎಕ್ಸ್‌ರೇ ಚೆನ್ನಾಗಿತ್ತು. ಹಾಳೆಯಲ್ಲಿ 'ಗುಣವಾಗಿದ್ದಾರೆ' ಅಂತ ಬರೆದಿದ್ದರು. ಅಜ್ಜಿ ಮಾತ್ರ ಗಾಲಿಕುರ್ಚಿಯಲ್ಲಿ ಕೂತಿದ್ದರು. ಆಮೇಲೆ ಅವರು ಒಬ್ಬರೇ ಬಾತ್‌ರೂಮಿಗೆ ಹೋಗಲೇ ಇಲ್ಲ.

ಚಿಕಿತ್ಸೆ ತಪ್ಪಾಗಿತ್ತಾ? ಇಲ್ಲ. ಔಷಧ ಸರಿಯಾಗಿಯೇ ಇತ್ತು. ಡಾಕ್ಟರು ಒಳ್ಳೆಯವರು. ನರ್ಸ್‌ಗಳಂತೂ, ಪಾಪ, ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಓಡಾಡುತ್ತಿದ್ದರು. ನನ್ನನ್ನು ಕಾಡುವುದೇ ಅದು. ಯಾರೂ ಏನೂ ತಪ್ಪು ಮಾಡದೆ ಅಜ್ಜಿಯ ಕಾಲು ಹೋದದ್ದು ಹೇಗೆ?

ಹಾಸಿಗೆಯಿಂದ.

ಇದು ಹೊಸ ವಿಷಯವೂ ಅಲ್ಲ. ರಿಚರ್ಡ್ ಆಶರ್ ಎಂಬ ವೈದ್ಯರು 1947ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಾಸಿಗೆ ಹಿಡಿಯುವುದರ ಅಪಾಯಗಳನ್ನು ಬರೆದಿದ್ದರು. 2007ರಲ್ಲಿ ಅಮೆರಿಕದ ಸಂಶೋಧಕರು ಒಂದು ಪ್ರಯೋಗ ಮಾಡಿದರು. ಆರೋಗ್ಯವಾಗಿದ್ದ ಕೆಲವು ಹಿರಿಯರನ್ನು 10 ದಿನ ಸುಮ್ನೆ ಮಲಗಿಸಿದರು. ಹೆಚ್ಚುಕಡಿಮೆ ಒಂದು ಕಿಲೋದಷ್ಟು ಕಾಲಿನ ಮಾಂಸಖಂಡ ಕರಗಿಹೋಯಿತು. ಗಮನಿಸಿ, ಅವರಿಗೆ ಕಾಯಿಲೆಯೇ ಇರಲಿಲ್ಲ. ಇನ್ನು ಜ್ವರ ಬಂದು, ಊಟ ಸೇರದೆ ಮಲಗಿದವರ ಗತಿ ಏನು? 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆಸ್ಪತ್ರೆಯಲ್ಲಿದ್ದ 45 ಹಿರಿಯರ ಓಡಾಟವನ್ನು ಸಾಧನ ಕಟ್ಟಿ ಅಳೆದರು. ಅಡ್ಮಿಟ್ ಆಗುವ ಮುಂಚೆ ನಡೆದಾಡಿಕೊಂಡಿದ್ದವರು ಇವರು. ನೂರರಲ್ಲಿ 83 ಪಾಲು ಹೊತ್ತು ಮಲಗಿಯೇ ಇದ್ದರು.

ಯಾಕೆ ಮಲಗಿಸುತ್ತಾರೆ? ಬೀಳುತ್ತಾರೆ ಅನ್ನುವ ಭಯ. ರೋಗಿ ಬಿದ್ದರೆ ದೂರು, ವಿಚಾರಣೆ, ಮನೆಯವರ ಜಗಳ. ಮಲಗಿಸಿ ಕಾಲು ಸೊರಗಿದರೆ ಯಾರ ಮೇಲೂ ದೂರಿಲ್ಲ. 'ವಯಸ್ಸಾಯಿತಲ್ಲ' ಅಂದರೆ ಮುಗಿಯಿತು. ಅದಕ್ಕೇ ಒಂದು ಕೈಗೆ ಡ್ರಿಪ್, ಕೆಳಗೆ ಮೂತ್ರ ಹೋಗಲು ಹಾಕುವ ನಳಿಕೆ ಅಂದರೆ ಕ್ಯಾತಿಟರ್, ಎರಡೂ ಬದಿಗೆ ಕಂಬಿ. ಹಗ್ಗ ಇಲ್ಲದೆ ಕಟ್ಟಿಹಾಕಿದ ಹಾಗೆಯೇ ಅಲ್ವಾ?

ಮೂರನೇ ರಾತ್ರಿ ಅಜ್ಜಿ ಗೋಡೆಯ ಕಡೆ ಕೈ ತೋರಿಸಿ, ತೀರಿಹೋಗಿ ಇಪ್ಪತ್ತು ವರ್ಷವಾದ ತಂಗಿಯನ್ನು ಕರೆಯತೊಡಗಿದರು. ನಾವು 'ಅರಳು ಮರಳು' ಅಂದುಕೊಂಡೆವು. ಅಲ್ಲ, ಅದು ಡೆಲಿರಿಯಂ, ಅಂದರೆ ಕಾಯಿಲೆಯ ಹೊತ್ತಿನಲ್ಲಿ ದಿಢೀರನೆ ಬರುವ ಮನಸ್ಸಿನ ಗೊಂದಲ. ಮರೆವಿನ ಕಾಯಿಲೆ ತಿಂಗಳುಗಟ್ಟಲೆ ನಿಧಾನವಾಗಿ ಬರುತ್ತದೆ. ಡೆಲಿರಿಯಂ ಒಂದೆರಡು ದಿನದಲ್ಲಿ ಬರುತ್ತದೆ, ಬೆಳಗ್ಗೆ ಇಳಿದು ಸಂಜೆ ಏರುತ್ತದೆ. ಕೂಗಾಡುವವರು ಕಣ್ಣಿಗೆ ಬೀಳುತ್ತಾರೆ. ಆದರೆ ಎಷ್ಟೋ ಜನ ಕೂಗಾಡುವುದಿಲ್ಲ, ತೂಕಡಿಸಿಕೊಂಡು ಬಿದ್ದಿರುತ್ತಾರೆ. 'ಪಾಪ, ಏನೂ ತೊಂದರೆ ಕೊಡುವುದಿಲ್ಲ' ಅಂತ ಹೊಗಳಿಸಿಕೊಳ್ಳುವ ಇವರಿಗೇ ಅಪಾಯ ಜಾಸ್ತಿ. ಯಾರೂ ಗುರುತಿಸುವುದೇ ಇಲ್ಲವಲ್ಲ.

ಅಜ್ಜಿಯ ಕನ್ನಡಕ, ಕಿವಿಯ ಮಷೀನು ಎರಡನ್ನೂ ಮೊದಲ ದಿನವೇ ಕವರಿನಲ್ಲಿ ಹಾಕಿ ಬೀರುವಿನಲ್ಲಿಟ್ಟಿದ್ದರು. ಕಳೆದುಹೋದರೆ ಯಾರು ಜವಾಬ್ದಾರಿ ಅಂತ. ಕಣ್ಣು ಕಾಣದೆ, ಕಿವಿ ಕೇಳದೆ, ಗುರುತಿಲ್ಲದ ಜಾಗದಲ್ಲಿ, ರಾತ್ರಿ ಎರಡಕ್ಕೆ ಬಿಪಿ, ನಾಲ್ಕಕ್ಕೆ ರಕ್ತ ಅಂತ ಎಬ್ಬಿಸುತ್ತಿದ್ದರೆ ನನಗೂ ಗೋಡೆಯಲ್ಲಿ ಯಾರಾದರೂ ಕಾಣಿಸುತ್ತಾರೆ.

ಇದನ್ನು ತಡೆಯಬಹುದು. ಶರಾನ್ ಇನೋಯೆ ಎಂಬ ವೈದ್ಯೆ ಮತ್ತು ಅವರ ತಂಡ 70 ದಾಟಿದ 852 ರೋಗಿಗಳ ಮೇಲೆ ಮಾಡಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಮಾಮೂಲಿ ಆರೈಕೆ ಪಡೆದವರಲ್ಲಿ ನೂರಕ್ಕೆ 15 ಜನರಿಗೆ ಡೆಲಿರಿಯಂ ಬಂತು. ಇವರ ವಿಧಾನದಲ್ಲಿ ಹತ್ತಕ್ಕಿಂತ ಸ್ವಲ್ಪ ಕಡಿಮೆ. ಹೊಸ ಔಷಧ ಏನೂ ಕೊಡಲಿಲ್ಲ. ಕನ್ನಡಕ ಹಾಕಿದರು. ನೀರು ಕುಡಿಸಿದರು. ನಡೆಸಿದರು. ರಾತ್ರಿ ಸದ್ದು ಮಾಡದೆ ಮಲಗಲು ಬಿಟ್ಟರು. ಇವತ್ತು ಯಾವ ವಾರ, ನೀವು ಎಲ್ಲಿದ್ದೀರಿ ಅಂತ ಹೇಳುತ್ತಾ ಮಾತಾಡಿಸಿದರು. ಓದಿದಾಗ ನನಗೆ ಸಿಟ್ಟೇ ಬಂತು. ಇಷ್ಟೇನಾ?

ನಿದ್ದೆ ಮಾತ್ರೆಯದ್ದು ಬೇರೆಯೇ ಕಥೆ. ಎಷ್ಟೋ ನಿದ್ದೆ ಮಾತ್ರೆಗಳು, ನಿದ್ದೆ ತರಿಸುವ ಕೆಲವು ಅಲರ್ಜಿ ಮಾತ್ರೆಗಳು ಕೂಡ ವಯಸ್ಸಾದವರಲ್ಲಿ ಗೊಂದಲ ಹೆಚ್ಚಿಸುತ್ತವೆ. ಹಿರಿಯರಿಗೆ ಆದಷ್ಟು ಕೊಡಬಾರದ ಔಷಧಗಳ 'ಬಿಯರ್ಸ್' ಪಟ್ಟಿ 1991ರಿಂದಲೇ ಇದೆ. ಆದರೂ ರಾತ್ರಿ ಗಲಾಟೆ ಅಂದ ತಕ್ಷಣ ಮೊದಲು ಕೈ ಹೋಗುವುದು ಮಾತ್ರೆಯ ಕಡೆಗೇ.

'ಒಬ್ಬ ನರ್ಸ್‌ಗೆ ಇಷ್ಟೊಂದು ರೋಗಿಗಳು, ಇದನ್ನೆಲ್ಲ ಯಾರು ಮಾಡಬೇಕು?' ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಇನೋಯೆ ಅವರ ವಿಧಾನದಲ್ಲಿ ಇಂಥ ಕೆಲಸವನ್ನು ಬಹಳ ಮಟ್ಟಿಗೆ ತರಬೇತಿ ಪಡೆದ ಸ್ವಯಂಸೇವಕರು ಮಾಡುತ್ತಾರೆ. ಇನ್ನು ಮನೆಯವರು ಇದ್ದೇ ಇರುತ್ತಾರಲ್ಲ! ನಮ್ಮನ್ನು ಭೇಟಿ ಸಮಯ ಮುಗಿಯಿತು ಅಂತ ಹೊರಗೆ ಕಳಿಸುವ ಬದಲು, ಬನ್ನಿ, ಹೀಗೆ ಹಿಡಿದು ಎಬ್ಬಿಸಿ, ಹೀಗೆ ನಡೆಸಿ ಅಂತ ಹೇಳಿಕೊಟ್ಟರೆ ಮಾಡುವುದಿಲ್ಲವಾ?

ನನ್ನ ಬೇಡಿಕೆ ಚಿಕ್ಕದು. ಡಿಸ್ಚಾರ್ಜ್ ಹಾಳೆಯಲ್ಲಿ ಎರಡು ಸಾಲು ಸೇರಿಸಿ. ಬಂದಾಗ ಇವರು ಎಷ್ಟು ನಡೆಯುತ್ತಿದ್ದರು? ಹೋಗುವಾಗ ಎಷ್ಟು ನಡೆಯುತ್ತಿದ್ದಾರೆ? ಬಿಪಿ, ಶುಗರ್ ಬರೆಯುವ ಹಾಗೆಯೇ ಬರೆಯಿರಿ. ಬರೆಯಲೇಬೇಕು ಅಂತ ಆದರೆ, ಎರಡನೇ ದಿನವೇ ಯಾರಾದರೂ ರೋಗಿಯನ್ನು ಎಬ್ಬಿಸಿ ಕೂರಿಸುತ್ತಾರೆ. ಇದು ನನ್ನ ನಂಬಿಕೆ.

ನಿಮ್ಮ ಮನೆಯ ಹಿರಿಯರು ಈಗ ವಾರ್ಡಿನಲ್ಲಿ ಇದ್ದರೆ, ನಾಳೆ ಬೆಳಗ್ಗೆ ರೌಂಡ್ಸ್‌ಗೆ ಬಂದಾಗ ಕೇಳಿ. ಇವತ್ತು ಇವರನ್ನು ಎಬ್ಬಿಸಿ ನಡೆಸಬಹುದಾ? ಈ ಕ್ಯಾತಿಟರ್ ಇನ್ನೂ ಬೇಕಾ? ನಾನು ಆ 11 ದಿನದಲ್ಲಿ ಎರಡನ್ನೂ ಕೇಳಲಿಲ್ಲ. ಕೇಳಬಹುದು ಅಂತಲೇ ನನಗೆ ಗೊತ್ತಿರಲಿಲ್ಲ.