ಪಂಚರ್ ಹಾಕಿದ ಎಂಟನೇ ಕ್ಲಾಸು

ಕೇಳುಗರೆಲ್ಲರಿಗೂ ನಮಸ್ಕಾರ.

ಜೂನ್ ತಿಂಗಳು. ಏಳನೇ ಕ್ಲಾಸು ಮುಗಿಸಿದ ಮಕ್ಕಳು ಹೈಸ್ಕೂಲಿಗೆ ಬಂದಿದ್ದಾರೆ. ಊರಿನ ಶಾಲೆಯಲ್ಲಿ ಅವರೇ ದೊಡ್ಡವರು. ಬೆಲ್ ಹೊಡೆಯುವುದು, ಪ್ರಾರ್ಥನೆ ಹೇಳಿಸುವುದು, ಅಳುವ ಒಂದನೇ ಕ್ಲಾಸಿನ ಮಗುವನ್ನು ಮನೆಗೆ ಬಿಟ್ಟು ಬರುವುದು, ಎಲ್ಲ ಅವರದ್ದೇ. ಇಲ್ಲಿಗೆ ಬಂದರೆ ಅವರೇ ಎಲ್ಲರಿಗಿಂತ ಚಿಕ್ಕವರು. ಪೀರಿಯಡ್‌ಗೊಬ್ಬ ಮೇಷ್ಟ್ರು, ನಾಲ್ಕು ಊರಿನ ಮಕ್ಕಳು ಒಂದೇ ಬೆಂಚಿನಲ್ಲಿ. ಹೆಸರು ಕೇಳಿದರೂ ಎದ್ದು ನಿಂತು ನೆಲ ನೋಡುತ್ತಾರೆ.

ನಾವು ಮೇಷ್ಟ್ರುಗಳು ಮೊದಲು ಸೇತುಬಂಧ ಶುರು ಮಾಡುತ್ತೇವೆ. ಹಿಂದಿನ ಪಾಠ ಎಷ್ಟು ಬರುತ್ತದೆ ಅಂತ ನೋಡಿ, ಬಾರದ್ದನ್ನು ಮತ್ತೆ ಕಲಿಸುತ್ತೇವೆ. ಅದು ಬೇಕು. ಆದರೆ ಭಿನ್ನರಾಶಿಗೆ ಸೇತುವೆ ಕಟ್ಟುವವರು ಧೈರ್ಯಕ್ಕೂ ಒಂದು ಕಟ್ಟಬೇಕು, ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲೇ 10 ಜೀವನ ಕೌಶಲಗಳನ್ನು ಹೆಸರಿಸಿತು. ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ಕಷ್ಟ ತಿಳಿಯುವುದು, ಹೊಸದಾಗಿ ಯೋಚಿಸುವುದು, ನಿರ್ಧಾರ ಮಾಡುವುದು, ಸಮಸ್ಯೆ ಬಿಡಿಸುವುದು, ಹೀಗೆ. ಒಳ್ಳೆಯ ಪಟ್ಟಿ. ಅದನ್ನು ನಾವು ಬೋರ್ಡಿನ ಮೇಲೆ ಬರೆಯುತ್ತೇವೆ, ಮಕ್ಕಳು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ. ಆಮೇಲೆ ಟೆಸ್ಟಿನಲ್ಲಿ "ಯಾವುದಾದರೂ ಐದು ಜೀವನ ಕೌಶಲಗಳನ್ನು ಹೆಸರಿಸಿ" ಅಂತ ಕೇಳುತ್ತೇವೆ! ದಯವಿಟ್ಟು ಇದನ್ನು ನಿಲ್ಲಿಸೋಣ. ನಾನು ಇವತ್ತು ಹೇಳಲು ಬಂದದ್ದು ಒಂದೇ ಮಾತು. ಮಗುವಿನ ಕೈಗೆ ನಿಜವಾದ ಕೆಲಸ ಕೊಡಿ, ಮಧ್ಯೆ ನೀವು ಕೈ ಹಾಕಬೇಡಿ.

ಒಂದು ಪ್ರಸಂಗ ಹೇಳುತ್ತೇನೆ. 2006-07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವುದು ಶುರುವಾಯಿತು. ನಾನಾಗ ಪಾವಗಡದ ಕಡೆ ಹೈಸ್ಕೂಲಿನಲ್ಲಿದ್ದೆ. ಆ ಕಡೆ ದಾರಿಯುದ್ದಕ್ಕೂ ಬಳ್ಳಾರಿ ಜಾಲಿ, ಅದರ ಮುಳ್ಳು ಚಪ್ಪಲಿಯನ್ನೇ ತೂರಿ ಬರುತ್ತದೆ, ಇನ್ನು ಸೈಕಲ್ ಟಯರು ಯಾವ ಲೆಕ್ಕ. ತಿಂಗಳೊಳಗೆ ಹತ್ತಾರು ಸೈಕಲ್ ಮನೆಯಲ್ಲಿ ಗೋಡೆಗೆ ಒರಗಿದವು. ಪಂಚರ್ ಅಂಗಡಿ ದೂರ. ಮಕ್ಕಳು ಶಾಲೆ ತಪ್ಪಿಸತೊಡಗಿದರು.

ಒಂದು ಶನಿವಾರ ಬೆಳಗಿನ ಶಾಲೆಗೆ ಪಂಪು, ಸಲ್ಯೂಷನ್, ಪ್ಯಾಚು, ಪಾಲಿಶ್ ಪೇಪರ್ ತಂದಿಟ್ಟೆ. ಬಕೆಟಿನಲ್ಲಿ ನೀರು. ಮೂರು ಮೂರು ಜನರ ಗುಂಪು ಮಾಡಿದೆ. "ನಿಮ್ಮ ಸೈಕಲ್, ನೀವೇ ಸರಿ ಮಾಡಿ" ಅಂದೆ. ಅಷ್ಟೇ. ಹೇಗೆ ಅಂತ ಹೇಳಲಿಲ್ಲ.

ಟಯರು ಬಿಚ್ಚಲು ಲಿವರ್ ಇರಲಿಲ್ಲ. ಹತ್ತು ನಿಮಿಷ ಎಲ್ಲರೂ ಬೆರಳಿನಲ್ಲಿ ಎಳೆದಾಡಿದರು. ಆಮೇಲೆ ಒಬ್ಬ ಹುಡುಗಿ ಎದ್ದು ಪಕ್ಕದ ಪ್ರೈಮರಿ ಶಾಲೆಯ ಬಿಸಿಯೂಟದ ಕೋಣೆಗೆ ಹೋಗಿ ಎರಡು ಚಮಚ ತಂದಳು. ಹಿಡಿಯ ಕಡೆಯಿಂದ ಮೀಟಿದಳು, ಟಯರು ಎದ್ದು ಬಂತು. ಟ್ಯೂಬಿಗೆ ಗಾಳಿ ಹೊಡೆದು ನೀರಿನಲ್ಲಿ ಮುಳುಗಿಸಿದಾಗ ಗುಳ್ಳೆ ಎದ್ದಿತು. ತೂತು ಸಿಕ್ಕಿತು. ಸಲ್ಯೂಷನ್ ಹಚ್ಚಿ ಪ್ಯಾಚು ಅಂಟಿಸಿದರು. ಜಾರಿತು. ಮತ್ತೆ ಅಂಟಿಸಿದರು. ಮತ್ತೆ ಜಾರಿತು. ನನಗೆ ಉತ್ತರ ಗೊತ್ತು, ಬಾಯಿ ತುದಿಗೆ ಬಂದಿದೆ, ಆದರೂ ತುಟಿ ಬಿಗಿ ಹಿಡಿದು ಕೂತೆ. ಆ ಹೊತ್ತಿಗೆ ಇನ್ನೊಂದು ಗುಂಪು ಸಲ್ಯೂಷನ್ ಹಚ್ಚಿ ನೀರು ಕುಡಿಯಲು ಹೋಗಿತ್ತು. ಬಂದು ಅಂಟಿಸಿದರೆ ಪ್ಯಾಚು ಗಟ್ಟಿಯಾಗಿ ಹಿಡಿದುಬಿಟ್ಟಿತು! ಚಮಚ ತಂದ ಹುಡುಗಿ ಅದನ್ನು ನೋಡಿದಳು. ಸೀದಾ ನನ್ನ ಹತ್ತಿರ ಬಂದು, "ಸಾರ್, ಗೋಂದು ಹಸಿಯಿದ್ದಾಗ ಅಂಟುತ್ತೆ, ಇದು ಯಾಕೆ ಒಣಗಿದ ಮೇಲೆ ಅಂಟುತ್ತೆ?" ಅಂತ ಕೇಳಿದಳು.

ಒಂದು ತಿಂಗಳಿಂದ ಕ್ಲಾಸಿನಲ್ಲಿ ಯಾರೂ ನನಗೆ ಒಂದು ಪ್ರಶ್ನೆ ಕೇಳಿರಲಿಲ್ಲ, ನೋಡಿ. ಅವತ್ತು ಅಂಗಳದಲ್ಲೇ ವಿಜ್ಞಾನದ ಪಾಠ ಆಯಿತು. ಸಲ್ಯೂಷನ್ನಿನ ದ್ರವ ಆವಿಯಾಗಿ ಹೋಗಬೇಕು, ಆಗಲೇ ರಬ್ಬರು ರಬ್ಬರನ್ನು ಹಿಡಿಯುವುದು ಅಂತ ಹೇಳಿದೆ. ಅದನ್ನು ಅವರು ಮರೆಯುವುದುಂಟೇ?

ಮುಗಿಯಲಿಲ್ಲ. ಒಬ್ಬ ಹುಡುಗ ಖುಷಿಯಿಂದ ಸೈಕಲ್ ಹತ್ತಿ ಗೇಟು ದಾಟುವಷ್ಟರಲ್ಲಿ ಮತ್ತೆ ಗಾಳಿ ಹೋಯಿತು. ಮುಳ್ಳು ಟಯರಿನಲ್ಲೇ ಇತ್ತು. ಕೈ ಆಡಿಸಿ ಹುಡುಕಿದರೆ ಬೆರಳಿಗೆ ಚುಚ್ಚುತ್ತದೆ. ಅವನು ಹೆಗಲ ಮೇಲಿದ್ದ ಟವೆಲನ್ನು ಟಯರಿನ ಒಳಗೆ ಸುತ್ತ ಎಳೆದ. ಮುಳ್ಳಿದ್ದ ಜಾಗದಲ್ಲಿ ಬಟ್ಟೆ ಸಿಕ್ಕಿಕೊಂಡಿತು. ಇದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಸೃಜನಶೀಲತೆ ಅಂದರೆ ಇದೇ. ಅದಕ್ಕೆ ಬಣ್ಣದ ಚಾರ್ಟು ಬೇಕಾಗಿಲ್ಲ.

ಮುಂದಿನ ವಾರ ಒಂಬತ್ತನೇ ಕ್ಲಾಸಿನವರು ಸೈಕಲ್ ತಂದರು. ದುಡ್ಡು ತೆಗೆದುಕೊಳ್ಳಬೇಕೋ ಬೇಡವೋ ಅಂತ ದೊಡ್ಡ ಜಗಳ. ಕೊನೆಗೆ ಪ್ಯಾಚು, ಸಲ್ಯೂಷನ್ನಿನ ಖರ್ಚು ಮಾತ್ರ ತೆಗೆದುಕೊಳ್ಳೋಣ ಅಂತ ಅವರೇ ತೀರ್ಮಾನಿಸಿದರು, ಲೆಕ್ಕ ಬರೆಯಲು ಒಬ್ಬಳನ್ನು ನೇಮಿಸಿದರು. ಆ 10 ಕೌಶಲಗಳಲ್ಲಿ ಯಾವುದು ಉಳಿಯಿತು ಹೇಳಿ?

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಶಿಕ್ಷಕರೇ, 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿ ಮಕ್ಕಳಿಗೆ 10 ದಿನ ಬ್ಯಾಗಿಲ್ಲದೆ ಕಲಿಯುವ ಅವಕಾಶ ಹೇಳಿದೆ. ಬಡಗಿ, ಕುಂಬಾರ, ತೋಟದ ಕೆಲಸದವರ ಹತ್ತಿರ ಕಲಿಯಲಿ ಅಂತ. ಆ ದಿನಗಳನ್ನು ಭಾಷಣದಲ್ಲಿ ಕಳೆಯಬೇಡಿ. ಚಿತ್ರ ಬಿಡಿಸಿ ಅಂದಾಗ ಬೋರ್ಡಿನ ಮೇಲೆ ಎರಡು ಗುಡ್ಡ, ಮಧ್ಯೆ ಸೂರ್ಯ ಬರೆದು ತೋರಿಸಬೇಡಿ, ನಲವತ್ತು ಮಕ್ಕಳೂ ಅದನ್ನೇ ಬರೆಯುತ್ತಾರೆ. ತಂದೆ ತಾಯಂದಿರೇ, ಪ್ರಾಜೆಕ್ಟನ್ನು ನೀವು ಮಾಡಿಕೊಡಬೇಡಿ, ಅಂಗಡಿಯಿಂದಲೂ ತರಬೇಡಿ. ವಕ್ರವಾಗಿದ್ದರೆ ವಕ್ರವಾಗಿರಲಿ. ಬಸ್ ಪಾಸಿನ ಅರ್ಜಿಯನ್ನು ಮಗುವೇ ತುಂಬಲಿ, ಕೌಂಟರಿನಲ್ಲಿ ಮಗುವೇ ಮಾತಾಡಲಿ, ನೀವು ಸುಮ್ನೆ ಪಕ್ಕದಲ್ಲಿ ನಿಲ್ಲಿ. ಹುಡುಗರೂ ಅನ್ನಕ್ಕೆ ಇಡಲಿ. ದೊಡ್ಡವರು ಏನಾದರೂ ತಪ್ಪು ಕೆಲಸ ಹೇಳಿದರೆ "ಬೇಡ" ಅನ್ನುವುದನ್ನೂ ಕಲಿಸಿ. ಮಕ್ಕಳ ಸಹಾಯವಾಣಿ 1098 ಪ್ರತಿ ಮಗುವಿಗೂ ಬಾಯಿಪಾಠ ಬರಬೇಕು.

ಈ ಭಾನುವಾರ ಮನೆಯಲ್ಲಿ ಪಂಚರ್ ಆದ ಸೈಕಲ್ ಇದ್ದರೆ ಅಂಗಡಿಗೆ ಒಯ್ಯಬೇಡಿ. ಮಗುವಿಗೆ ಒಂದು ಬಕೆಟ್ ನೀರು, ಎರಡು ಚಮಚ, ಪಂಚರ್ ಸಾಮಾನು ಕೊಡಿ. ಕೊಟ್ಟು ನೀವು ಒಳಗೆ ಹೋಗಿ.

ನಮಸ್ಕಾರ.